ಅದೇ, ಅಂಥದೇ, ಅಷ್ಟೇ, ಹಾಗೆಯೇ: ಹೋಲಿಕೆಯ ಇಂಗ್ಲಿಷ್ ಪದಗಳನ್ನು ಆಯ್ದುಕೊಳ್ಳುವ ಬಗೆ

"ನೂಲಿನಂತೆ ಸೀರೆ, ತಾಯಿಯಂತೆ ಮಗಳು" ಎಂಬುದು ನಮ್ಮ ಮನೆಮನೆಯ ಗಾದೆ. "ಬೆಳ್ಳಗಿರುವುದೆಲ್ಲ ಹಾಲಲ್ಲ" ಎಂಬುದು ಅದರ ಪಕ್ಕದಲ್ಲಿಯೇ ನಿಲ್ಲುವ ಇನ್ನೊಂದು. "ಐದು ಬೆರಳೂ ಸಮನಾಗಿಲ್ಲ" ಎಂಬುದು ಮೂರನೆಯದು. ಮೊದಲನೆಯದು ಹೋಲಿಕೆಯನ್ನು ಹೇಳುತ್ತದೆ. ಎರಡನೆಯದು ಹೋಲಿಕೆಯನ್ನು ನಂಬಿ ಮೋಸಹೋಗಬಾರದೆಂದು ಎಚ್ಚರಿಸುತ್ತದೆ. ಮೂರನೆಯದು ಅಳತೆಯ ಮಾತನ್ನಾಡುತ್ತದೆ. ಶಾಲೆಯ ಮೆಟ್ಟಿಲನ್ನು ಹತ್ತದ ನಮ್ಮ ಹಿರಿಯರು ಕೂಡ ಈ ಮೂರರ ಭೇದವನ್ನು ಬಲ್ಲವರಾಗಿದ್ದರು. ಎಲ್ಲಿ ಯಾವುದನ್ನು ಆಡಬೇಕೆಂಬುದರಲ್ಲಿ ಅವರು ತಪ್ಪುತ್ತಿರಲಿಲ್ಲ.

ಆದರೆ ಇದೇ ಮಾತುಗಳು ಇಂಗ್ಲಿಷಿನ ಉಡುಪನ್ನು ತೊಟ್ಟು ಬಂದಾಗ ನಮ್ಮ ಮಕ್ಕಳು ತಡವರಿಸುತ್ತಾರೆ. ಸೇಮ್, ಸಿಮಿಲರ್, ಲೈಕ್, ಅಲೈಕ್, ಈಕ್ವಲ್, ಈಕ್ವಿವಲೆಂಟ್, ಐಡೆಂಟಿಕಲ್ ಎಂಬ ಪದಗಳೆಲ್ಲವೂ ಅವರಿಗೆ "ಒಂದೇ ಥರ" ಎಂಬ ಒಂದೇ ಅರ್ಥವನ್ನು ಕೊಡುವ ಪದಗಳಾಗಿ ತೋರುತ್ತವೆ. ಬಾದನಹಟ್ಟಿಯ ಅಂಗಡಿಕಟ್ಟೆಯಲ್ಲಿಯೂ, ಕುರುಗೋಡಿನ ಬಸ್ ನಿಲ್ದಾಣದಲ್ಲಿಯೂ ಇಂದು "ಸೇಮ್ ಟು ಸೇಮ್" ಎಂಬ ಮಾತು ಕಿವಿಗೆ ಬೀಳುತ್ತದೆ. ಮಾತುಕತೆಯಲ್ಲಿ ಅದರಿಂದ ಕೇಡೇನೂ ಇಲ್ಲ. ಆದರೆ ಅರ್ಜಿಯಲ್ಲಿ, ಕರಾರುಪತ್ರದಲ್ಲಿ, ಔಷಧಿಯ ಚೀಟಿಯಲ್ಲಿ, ಕಾಯಿದೆಯ ವಾಕ್ಯದಲ್ಲಿ ಈ ಪದಗಳ ನಡುವಣ ಅಂತರವು ಒಬ್ಬರ ಕೂಲಿಯನ್ನೂ ಆರೋಗ್ಯವನ್ನೂ ಮಾನವನ್ನೂ ನಿರ್ಧರಿಸುವಂಥದು. ಆದುದರಿಂದ ಈ ವಿಷಯವು ಕೇವಲ ಶಾಲೆಯ ಉಪಾಧ್ಯಾಯರಿಗೆ ಬಿಟ್ಟದ್ದಲ್ಲ. ಮನೆಯ ಹಿರಿಯರೂ ಅರಿಯತಕ್ಕದ್ದಾಗಿದೆ. ಇಂಗ್ಲಿಷ್ ಬಾರದ ತಾಯಿಯೂ ಇದನ್ನು ತನ್ನ ಮಗುವಿಗೆ ಕಲಿಸಬಲ್ಲಳು ಎಂಬುದನ್ನು ತೋರಿಸುವುದೇ ಈ ಲೇಖನದ ಉದ್ದೇಶ.

ಬಳ್ಳಾರಿಯ ನೆಲ ಮತ್ತು ನಿಘಂಟು

ಕನ್ನಡದ ಪದವೊಂದಕ್ಕೆ ಸರಿಹೊಂದುವ ಇಂಗ್ಲಿಷ್ ಪದ ಯಾವುದು ಎಂಬ ಪ್ರಶ್ನೆ ನಮ್ಮ ಜಿಲ್ಲೆಗೆ ಹೊಸದಲ್ಲ. ಇಂಗ್ಲಿಷ್ ಮತ್ತು ಕನ್ನಡ ನಿಘಂಟುಗಳ ಚರಿತ್ರೆಯಲ್ಲಿ ಬಳ್ಳಾರಿಗೆ ಮೊದಲ ಪಂಕ್ತಿಯ ಸ್ಥಾನವಿದೆ. 1810ರಲ್ಲಿ ಲಂಡನ್ ಮಿಷನರಿ ಸಂಘದ ಜಾನ್ ಹ್ಯಾಂಡ್ಸ್ ಬಳ್ಳಾರಿಗೆ ಬಂದು ನೆಲೆಸಿದರು. ಕೆಲವು ವರ್ಷಗಳ ನಂತರ ವಿಲಿಯಂ ರೀವ್ ಅವರನ್ನು ಕೂಡಿಕೊಂಡರು. ಈ ರೀವ್ ಅವರೇ 1824ರಲ್ಲಿ ಇಂಗ್ಲಿಷ್–ಕನ್ನಡ ನಿಘಂಟನ್ನೂ, 1832ರಲ್ಲಿ ಕನ್ನಡ–ಇಂಗ್ಲಿಷ್ ನಿಘಂಟನ್ನೂ ಮದರಾಸಿನಲ್ಲಿ ಅಚ್ಚು ಹಾಕಿಸಿದರು. ಕಿಟೆಲ್ ಅವರ ಪ್ರಸಿದ್ಧ ನಿಘಂಟು ಮಂಗಳೂರಿನಿಂದ ಹೊರಬಂದದ್ದು 1894ರಲ್ಲಿ. ಮೈಸೂರು ವಿಶ್ವವಿದ್ಯಾನಿಲಯದ ಇಂಗ್ಲಿಷ್–ಕನ್ನಡ ನಿಘಂಟು 1946ರದು. ಬಳ್ಳಾರಿಯು 1953ರ ಅಕ್ಟೋಬರ್ 1ರವರೆಗೆ ಮದರಾಸಿಗೆ ಸೇರಿದ್ದುದರಿಂದ, ಇಲ್ಲಿಯ ಕಚೇರಿಗಳಲ್ಲಿ ಕನ್ನಡ, ತೆಲುಗು, ಇಂಗ್ಲಿಷ್‌ಗಳ ನಡುವೆ ಪದಗಳನ್ನು ತೂಗಿ ನೋಡುವ ಕೆಲಸ ತಲೆಮಾರುಗಳಿಂದ ನಡೆದುಬಂದಿದೆ.

ನಿಘಂಟು ಮಹೋಪಕಾರಿ, ಅದರಲ್ಲಿ ಎರಡು ಮಾತಿಲ್ಲ. ಆದರೆ ವಿದ್ಯಾರ್ಥಿಯು "ಸಮಾನ" ಎಂಬ ಒಂದು ಪದವನ್ನು ಹಿಡಿದುಕೊಂಡು ಹೊರಟರೆ, ಅದರ ಎದುರಿಗೆ ನಾಲ್ಕಾರು ಇಂಗ್ಲಿಷ್ ಪದಗಳು ಸಾಲಾಗಿ ನಿಲ್ಲುತ್ತವೆ. ಅವುಗಳಲ್ಲಿ ಯಾವುದನ್ನು ಆಯ್ದುಕೊಳ್ಳಬೇಕೆಂಬ ವಿವೇಕವನ್ನು ಪದಗಳ ಪಟ್ಟಿಯು ಕೊಡಲಾರದು. ಅದಕ್ಕೆ ಅರ್ಥವನ್ನು ಬಿಡಿಸಿ ನೋಡಬೇಕು.

ಸಾದೃಶ್ಯಕ್ಕೆ ಭೇದವೂ ಬೇಕು

ನಮ್ಮ ತರ್ಕಶಾಸ್ತ್ರಕಾರರು ಸಾದೃಶ್ಯವನ್ನು ಬಹು ನಿಖರವಾಗಿ ವಿವರಿಸಿದ್ದಾರೆ. ಒಂದು ವಸ್ತುವಿಗಿಂತ ಬೇರೆಯಾಗಿದ್ದು, ಆ ವಸ್ತುವಿನ ಹಲವು ಗುಣಗಳನ್ನು ತಾನೂ ಹೊಂದಿರುವುದೇ ಸಾದೃಶ್ಯ ಎಂಬುದು ಅವರ ಅಭಿಪ್ರಾಯದ ಸಾರ. ಇದಕ್ಕೆ ಅವರು ಕೊಡುವ ನಿದರ್ಶನ ಗವಯವೆಂಬ ಕಾಡುಪ್ರಾಣಿಯದು. ಗವಯವು ಹಸುವಿನಂತಿರುತ್ತದೆ ಎಂದು ಕೇಳಿ ತಿಳಿದಿದ್ದ ಪಟ್ಟಣದವನು ಅಡವಿಗೆ ಹೋಗುತ್ತಾನೆ. ಹಸುವನ್ನು ಹೋಲುವ, ಆದರೆ ಹಸುವಲ್ಲದ ಪ್ರಾಣಿಯನ್ನು ಕಂಡು "ಇದೇ ಗವಯ" ಎಂದು ಅರಿಯುತ್ತಾನೆ. ಗವಯವು ಹಸುವೇ ಆಗಿದ್ದರೆ ಹಸುವಿನಂತಿದೆ ಎಂಬ ಮಾತಿಗೆ ಅರ್ಥವೇ ಇರುತ್ತಿರಲಿಲ್ಲ.

ಇಂಗ್ಲಿಷಿನ ಸಿಮಿಲರ್ ಎಂಬ ಪದದ ಹೃದಯವಿರುವುದು ಇಲ್ಲಿಯೇ. ಎರಡು ವಸ್ತುಗಳು ಸಿಮಿಲರ್ ಎಂದ ಮಾತ್ರಕ್ಕೆ ಅವು ಬೇರೆ ಬೇರೆ ಎಂದು ಒಪ್ಪಿಕೊಂಡಂತೆಯೇ ಸರಿ. ಕುರುಗೋಡಿನ ದೊಡ್ಡ ಬಸವೇಶ್ವರ ದೇವಾಲಯದ ನಂದಿಯೂ, ಗಡಿಯಾಚೆಯ ಲೇಪಾಕ್ಷಿಯ ನಂದಿಯೂ ಏಕಶಿಲೆಯಲ್ಲಿ ರೂಪುಗೊಂಡವು, ಎರಡೂ ಭವ್ಯವಾದವು. ಅವು ಸಿಮಿಲರ್, ಸೇಮ್ ಅಲ್ಲ. ಒಂದನ್ನು ನೋಡಿದವನು ಇನ್ನೊಂದನ್ನೂ ನೋಡಲೇಬೇಕೆಂಬುದು ಅದರಿಂದಲೇ ಸಿದ್ಧವಾಗುತ್ತದೆ.

ಶಾಲೆಯ ಗಣಿತವೂ ಈ ವಿವೇಕವನ್ನು ಕನ್ನಡದಲ್ಲಿಯೇ ಕಲಿಸುತ್ತದೆ. ಆಕಾರ ಒಂದೇ ಆಗಿದ್ದು ಅಳತೆ ಬೇರೆಯಾಗಿರಬಹುದಾದ ತ್ರಿಭುಜಗಳನ್ನು ಸಮರೂಪ ತ್ರಿಭುಜಗಳೆನ್ನುತ್ತೇವೆ, ಅವೇ ಸಿಮಿಲರ್. ಆಕಾರವೂ ಅಳತೆಯೂ ಒಂದೇ ಆಗಿ, ಒಂದರ ಮೇಲೊಂದನ್ನಿಟ್ಟರೆ ಪೂರ್ತಿಯಾಗಿ ಕೂಡಿಕೊಳ್ಳುವವು ಸರ್ವಸಮ ತ್ರಿಭುಜಗಳು. ಹತ್ತನೆಯ ತರಗತಿಯ ಹುಡುಗನಿಗೆ ಗಣಿತದಲ್ಲಿ ತಿಳಿದಿರುವ ಈ ಭೇದವು ಇಂಗ್ಲಿಷ್ ಪ್ರಬಂಧದಲ್ಲಿ ಮರೆತುಹೋಗುವುದು ವಿಪರ್ಯಾಸವೇ ಸರಿ.

ನಾಲ್ಕು ಕನ್ನಡ ಕೀಲಿಗಳು

ಈಗ ಮನೆಯಲ್ಲಿ ಕಲಿಸಬಹುದಾದ ಸುಲಭೋಪಾಯಕ್ಕೆ ಬರೋಣ. ಅದೇ, ಅಂಥದೇ, ಅಷ್ಟೇ, ಹಾಗೆಯೇ: ಈ ನಾಲ್ಕು ಸಣ್ಣ ಪದಗಳು ಎಲ್ಲ ಕನ್ನಡ ಮಕ್ಕಳ ನಾಲಗೆಯ ಮೇಲೂ ಇವೆ. ಇಂಗ್ಲಿಷಿನ ಹೋಲಿಕೆಯ ಪದಗಳಿಗೆ ಇವೇ ಕೀಲಿಗಳು.

ಮೊದಲನೆಯದು "ಅದೇ". ಬಾದನಹಟ್ಟಿಯಿಂದ ಬಳ್ಳಾರಿಗೆ ಅಣ್ಣನೂ ತಮ್ಮನೂ ಒಟ್ಟಿಗೆ ಕುಳಿತು ಹೋದರೆ, ಅಣ್ಣ ಹೋದದ್ದು ಯಾವ ಬಸ್ಸೋ ತಮ್ಮ ಹೋದದ್ದೂ ಅದೇ ಬಸ್ಸು. ಇಲ್ಲಿ ಇಂಗ್ಲಿಷಿನಲ್ಲಿ ಸೇಮ್ ಬರಬೇಕು. "ಅದೇ" ಎಂಬಲ್ಲಿ "ಅದು" ಎಂದು ಬೆರಳು ತೋರಿಸುವ ಅಂಶವಿರುವಂತೆ, ಇಂಗ್ಲಿಷಿನಲ್ಲಿಯೂ ಸೇಮ್ ಎಂಬುದರ ಹಿಂದೆ "ದಿ" ಎಂಬ ನಿರ್ದೇಶಕವು ಇರಲೇಬೇಕು. "ದಿ ಸೇಮ್ ಬಸ್" ಎನ್ನಬೇಕೇ ಹೊರತು "ಎ ಸೇಮ್ ಬಸ್" ಎನ್ನಲಾಗದು. ಯಾವುದರೊಡನೆ ಎಂದು ಹೇಳುವಾಗ ಅದರ ಜೊತೆಗೆ "ಆ್ಯಸ್" ಬರುತ್ತದೆ. "ಸೇಮ್ ಲೈಕ್" ಎಂಬುದು ಶುದ್ಧ ಪ್ರಯೋಗವಲ್ಲ.

ಎರಡನೆಯದು "ಅಂಥದೇ". ತಮ್ಮನು ಮರುದಿನ ಬೇರೊಂದು ಬಸ್ಸಿನಲ್ಲಿ ಹೋದನು. ಬಣ್ಣವೂ ಆಸನವೂ ಮೊದಲಿನ ಬಸ್ಸಿನಂಥವೇ. ಅದು ಅಂಥದೇ ಬಸ್ಸು; ಅದೇ ಬಸ್ಸಲ್ಲ. ಇಲ್ಲಿ ಸಿಮಿಲರ್ ಬರಬೇಕು. "ಅಂಥದೊಂದು" ಎಂದು ನಾವು ಹೇಳುವಂತೆಯೇ ಇಂಗ್ಲಿಷಿನವರು "ಎ ಸಿಮಿಲರ್" ಎನ್ನುತ್ತಾರೆ. ಸಿಮಿಲರ್ ಎಂಬುದರ ಜೊತೆಗೆ "ಟು" ಬರಬೇಕು. "ಆ್ಯಸ್" ಆಗಲಿ "ಲೈಕ್" ಆಗಲಿ ಬರಬಾರದು.

ಮೂರನೆಯದು "ಅಷ್ಟೇ". ಇದು ಅಳತೆ, ಎಣಿಕೆ, ತೂಕ, ಹಕ್ಕುಗಳ ಮಾತು. ಅಣ್ಣನಿಗೆ ಎಷ್ಟು ಎಕರೆಯೋ ತಮ್ಮನಿಗೂ ಅಷ್ಟೇ ಎಕರೆ ಎಂದರೆ ಪಾಲು ಈಕ್ವಲ್. ಆ ಹೊಲಗಳು ಒಂದೇ ಅಲ್ಲ. ಒಂದು ಕಾಲುವೆಯ ನೀರು ಕಾಣುವ ಗದ್ದೆ, ಇನ್ನೊಂದು ಮಳೆಯನ್ನೇ ನಂಬಿದ ಎರೆ ನೆಲವಾಗಿರಬಹುದು. ಆಗ ಎಕರೆಯಲ್ಲಿ ಈಕ್ವಲ್ ಆದರೂ ಬೆಲೆಯಲ್ಲಿ ಈಕ್ವಲ್ ಅಲ್ಲ. ಆದುದರಿಂದ ಈಕ್ವಲ್ ಎಂದಾಗಲೆಲ್ಲ "ಯಾವುದರಲ್ಲಿ?" ಎಂಬ ಪ್ರಶ್ನೆಯನ್ನು ಕೇಳಲೇಬೇಕು. "ಅಣ್ಣನಷ್ಟೇ ಎತ್ತರ" ಎಂಬಲ್ಲಿ ಬರುವ "ಆ್ಯಸ್ ಟಾಲ್ ಆ್ಯಸ್" ಎಂಬ ಜೋಡಿಯೂ ಈ "ಅಷ್ಟೇ" ಎಂಬುದರ ಮನೆಗೆ ಸೇರಿದ್ದೇ. ಸಮತೆಯನ್ನು ಸೂಚಿಸುವ ಎರಡು ಅಡ್ಡಗೆರೆಗಳ ಚಿಹ್ನೆಯನ್ನು 1557ರಲ್ಲಿ ಮೊದಲು ಅಚ್ಚಿನಲ್ಲಿ ಬಳಸಿದವರು ವೇಲ್ಸ್ ನಾಡಿನ ವೈದ್ಯ ರಾಬರ್ಟ್ ರೆಕಾರ್ಡ್. ಒಂದೇ ಉದ್ದದ ಎರಡು ಸಮಾಂತರ ರೇಖೆಗಳಿಗಿಂತ ಹೆಚ್ಚು ಸಮನಾದ ಜೋಡಿ ಬೇರೊಂದಿಲ್ಲವೆಂಬುದು ಅವರು ಕೊಟ್ಟ ಕಾರಣ. ಗಮನಿಸಿರಿ: ಅಲ್ಲಿಯೂ ರೇಖೆ ಒಂದಲ್ಲ, ಎರಡು.

ನಾಲ್ಕನೆಯದು "ಹಾಗೆಯೇ". ಇದು ರೀತಿಯ ಮಾತು. ನಾಮಪದದ ಮುಂದೆ "ಅಂತೆ" ಬಂದರೆ ಇಂಗ್ಲಿಷಿನಲ್ಲಿ ಲೈಕ್: ತಾಯಿಯಂತೆ ಮಗಳು. ಕ್ರಿಯಾಪದದ ಮುಂದೆ "ಅಂತೆ" ಬಂದರೆ ಆ್ಯಸ್: ಗುರುಗಳು ಹೇಳಿದಂತೆ ನಡೆದನು. ಇಬ್ಬರನ್ನೂ ಒಟ್ಟಿಗೆ ಹೇಳಿ "ಅಕ್ಕತಂಗಿಯರು ಒಂದೇ ಥರ ಇದ್ದಾರೆ" ಎಂದು ವಾಕ್ಯವನ್ನು ಮುಗಿಸುವಾಗ ಅಲೈಕ್. ಈ ಅಲೈಕ್ ಎಂಬುದು ನಾಮಪದದ ಹಿಂದೆ ವಿಶೇಷಣವಾಗಿ ನಿಲ್ಲದು. "ಅಲೈಕ್ ಸಿಸ್ಟರ್ಸ್" ಎಂದು ಬರೆಯಬಾರದು.

ಇನ್ನು ವಿಭಕ್ತಿಯೂ ನಮಗೆ ದಾರಿದೀಪವಾಗಬಲ್ಲದು. "ಮಗನು ತಂದೆಯನ್ನು ಹೋಲುತ್ತಾನೆ" ಎಂಬಲ್ಲಿ ದ್ವಿತೀಯಾ ವಿಭಕ್ತಿಯಿದೆ. ಅದಕ್ಕೆ ತಕ್ಕಂತೆ ಇಂಗ್ಲಿಷಿನ ರಿಸೆಂಬಲ್ ಎಂಬ ಕ್ರಿಯಾಪದದ ಮುಂದೆ "ಟು" ಬರುವುದಿಲ್ಲ. "ಇದು ಅದಕ್ಕೆ ಸಮ, ಅದಕ್ಕೆ ಸದೃಶ" ಎಂಬಲ್ಲಿ ಚತುರ್ಥಿಯಿದೆ. ಈಕ್ವಲ್, ಸಿಮಿಲರ್, ಈಕ್ವಿವಲೆಂಟ್ ಎಂಬವುಗಳ ಮುಂದೆ "ಟು" ಬರುತ್ತದೆ. ಕನ್ನಡದ ವ್ಯಾಕರಣವನ್ನು ಬಲ್ಲ ಮಗುವಿಗೆ ಇಂಗ್ಲಿಷಿನ ಅರ್ಧ ಕಷ್ಟ ತಾನಾಗಿಯೇ ಕಳೆಯುವುದೆಂಬುದಕ್ಕೆ ಇದೊಂದು ಸಾಕ್ಷಿ.

"ಆಗಿ" ಮತ್ತು "ಅಂತೆ"

ಆ್ಯಸ್ ಮತ್ತು ಲೈಕ್ ಎಂಬವು ನಾಮಪದದ ಹಿಂದೆ ಬಂದಾಗ ಉಂಟಾಗುವ ಗೊಂದಲವು ಎಲ್ಲಕ್ಕಿಂತ ಹೆಚ್ಚಿನದು. ಇದಕ್ಕೂ ಕನ್ನಡದಲ್ಲಿ ಸ್ಪಷ್ಟವಾದ ಪರಿಹಾರವಿದೆ. "ಅವರು ಅಧ್ಯಕ್ಷರಾಗಿ ಮಾತನಾಡಿದರು" ಎಂದರೆ ಅವರೇ ಅಧ್ಯಕ್ಷರು, ಇಲ್ಲಿ ಆ್ಯಸ್. "ಅವರು ಅಧ್ಯಕ್ಷರಂತೆ ಮಾತನಾಡಿದರು" ಎಂದರೆ ಅಧ್ಯಕ್ಷರು ಬೇರೆ ಯಾರೋ, ಇಲ್ಲಿ ಲೈಕ್. ಹಳ್ಳಿಯ ಸಭೆಯಲ್ಲಿ ಈ ಎರಡನ್ನು ಅದಲುಬದಲು ಮಾಡಿದರೆ ಏನಾಗುವುದೆಂದು ಊಹಿಸುವುದು ಕಷ್ಟವಲ್ಲ.

ಬೀಗರಿಗೆ ಬರೆಯುವ ಪತ್ರದಲ್ಲಿ "ನಿಮ್ಮ ಮಗಳನ್ನು ನಮ್ಮ ಮಗಳಂತೆ ನೋಡಿಕೊಳ್ಳುತ್ತೇವೆ" ಎಂಬ ವಾಕ್ಯಕ್ಕೆ ಲೈಕ್ ಬೇಕು. "ಅವಳು ನಮ್ಮ ಮನೆಗೆ ಸೊಸೆಯಾಗಿ ಬರುತ್ತಿದ್ದಾಳೆ" ಎಂಬುದಕ್ಕೆ ಆ್ಯಸ್ ಬೇಕು. ಅಲಂಕಾರಶಾಸ್ತ್ರದ ಮಾತಿನಲ್ಲಿ ಹೇಳುವುದಾದರೆ, "ಅಂತೆ" ಎಂಬುದು ಉಪಮೆಯ ವಾಚಕ. ಅದು ಎರಡನ್ನು ಎರಡಾಗಿಯೇ ಇಟ್ಟು ಹತ್ತಿರ ತರುತ್ತದೆ. "ಆಗಿ" ಎಂಬುದು ಇರುವ ಪದವಿಯನ್ನು ಹೇಳುತ್ತದೆ. ಅಲ್ಲಿ ಹೋಲಿಕೆಯ ಮಾತೇ ಇಲ್ಲ.

ಒಂದು ಪದದ ಬೆಲೆ

ಈ ಭೇದಗಳು ಪರೀಕ್ಷೆಯ ಅಂಕಗಳಿಗಷ್ಟೇ ಸಂಬಂಧಿಸಿದವೆಂದು ಯಾರೂ ಭಾವಿಸಬಾರದು. ಜೀವನದ ನಾಲ್ಕು ಸಂದರ್ಭಗಳನ್ನು ಇಲ್ಲಿ ನೋಡೋಣ.

ನೌಕರಿಯ ಪ್ರಕಟಣೆಗಳಲ್ಲಿ "ಪಿ.ಯು.ಸಿ. ಅಥವಾ ತತ್ಸಮಾನ ವಿದ್ಯಾರ್ಹತೆ" ಎಂದಿರುತ್ತದೆ. ಈ "ತತ್ಸಮಾನ" ಎಂಬುದಕ್ಕೆ ಇಂಗ್ಲಿಷಿನಲ್ಲಿರುವುದು ಈಕ್ವಿವಲೆಂಟ್ ಎಂಬ ಪದ. ರೂಪ ಬೇರೆಯಾದರೂ ಬೆಲೆಯಲ್ಲಿ ಸರಿದೂಗುವಂಥದು ಎಂದು ಅದರ ಅರ್ಥ. ಸಿಮಿಲರ್ ಎಂದಿದ್ದರೆ "ನನ್ನ ಕೋರ್ಸೂ ಹೆಚ್ಚುಕಡಿಮೆ ಅಂಥದೇ" ಎಂದು ಯಾರಾದರೂ ವಾದಿಸಬಹುದಾಗಿತ್ತು. ಈಕ್ವಿವಲೆಂಟ್ ಎಂದಾಗ ಹಾಗಲ್ಲ. ಅಧಿಕಾರವುಳ್ಳ ಸಂಸ್ಥೆಯು ಸಮವೆಂದು ಮಾನ್ಯ ಮಾಡಿರಬೇಕು. ಹಣ ಕಟ್ಟಿ ಯಾವುದೋ ಕೋರ್ಸಿಗೆ ಮಕ್ಕಳನ್ನು ಸೇರಿಸುವ ಮೊದಲು ತಂದೆತಾಯಿಗಳು ಈ ಮಾತನ್ನು ನೆನಪಿನಲ್ಲಿಡಬೇಕು.

ಸಿರುಗುಪ್ಪ ಸೀಮೆಯು ಭತ್ತಕ್ಕೆ ಹೆಸರಾದದ್ದು. ಬೀಜದ ಅಂಗಡಿಯಲ್ಲಿ "ಇದು ಸೋನಾ ಮಸೂರಿ" ಎಂಬುದಕ್ಕೂ "ಇದು ಸೋನಾ ಮಸೂರಿಯಂಥದೇ" ಎಂಬುದಕ್ಕೂ ಇರುವ ಅಂತರವು ರೈತನಿಗೆ ಚೆನ್ನಾಗಿ ಗೊತ್ತು. ಚೀಲದ ಮೇಲೆ ಇಂಗ್ಲಿಷಿನಲ್ಲಿ ಬರೆದಿದ್ದಾಗ ಮಾತ್ರ ಆ ಅಂತರ ಕಣ್ಣಿಗೆ ಬೀಳದೆ ಹೋಗುತ್ತದೆ. ಓದುಬಲ್ಲ ಮಗನೋ ಮಗಳೋ ಅಲ್ಲಿ ಜೊತೆಯಲ್ಲಿದ್ದು, ಅದು ಅದೇಯೋ ಅಂಥದೋ ಎಂದು ಓದಿ ಹೇಳಬೇಕು.

ಮೂರನೆಯದು ಔಷಧಿಯ ವಿಚಾರ. ಹೆಸರು ಹೋಲುವ ಎರಡು ಔಷಧಿಗಳು ಬೇರೆ ಬೇರೆಯಾಗಿರಬಹುದು. ಫಾಲ್ಸಿಗೋ ಮತ್ತು ಫಾಲ್ಸಿಟ್ಯಾಬ್ ಎಂಬ ಎರಡು ಮಲೇರಿಯಾ ಔಷಧಿಗಳ ಹೆಸರಿನ ವಿವಾದವು ಸರ್ವೋಚ್ಚ ನ್ಯಾಯಾಲಯದವರೆಗೂ ಹೋಗಿ 2001ರಲ್ಲಿ ತೀರ್ಪು ಬಂದಿತು. ಹೆಸರುಗಳು ಹತ್ತಿರ; ಒಳಗಿನ ಮದ್ದು ಮಾತ್ರ ಒಂದರಲ್ಲಿ ಆರ್ಟಿಸುನೇಟ್, ಇನ್ನೊಂದರಲ್ಲಿ ಮೆಫ್ಲೋಕ್ವಿನ್. ಔಷಧಿಯ ಹೆಸರುಗಳಲ್ಲಿ ಗೊಂದಲವಾದರೆ ಪ್ರಾಣಕ್ಕೇ ಅಪಾಯವಿರುವುದರಿಂದ ಅಲ್ಲಿ ಹೆಚ್ಚು ಕಟ್ಟುನಿಟ್ಟಿನ ಪರೀಕ್ಷೆ ಬೇಕೆಂದು ನ್ಯಾಯಾಲಯವು ಹೇಳಿತು. 1999ರ ವ್ಯಾಪಾರ ಚಿಹ್ನೆಗಳ ಕಾಯಿದೆಯು ಐಡೆಂಟಿಕಲ್ ಎಂಬುದನ್ನು ಬೇರೆಯಾಗಿಯೂ, ಸಿಮಿಲರ್ ಎಂಬುದನ್ನು ಬೇರೆಯಾಗಿಯೂ ಇಟ್ಟು, ಜನರನ್ನು ಭ್ರಮೆಗೊಳಿಸುವಷ್ಟು ಸಿಮಿಲರ್ ಆದದ್ದನ್ನು ಮತ್ತೊಂದಾಗಿ ಹೆಸರಿಸಿದೆ. ಐಡೆಂಟಿಕಲ್ ಎಂದರೆ ತದ್ರೂಪ, ಎಳ್ಳಷ್ಟೂ ವ್ಯತ್ಯಾಸವಿಲ್ಲದ್ದು. ಇದರ ಮತ್ತೊಂದು ಮುಖವನ್ನೂ ನೋಡಬೇಕು. ಜನೌಷಧಿ ಕೇಂದ್ರದ ಮಾತ್ರೆಯ ಹೆಸರೂ ಬಣ್ಣವೂ ವೈದ್ಯರು ಬರೆದ ಕಂಪನಿಯ ಮಾತ್ರೆಯಂತಿಲ್ಲವೆಂದು ಅನೇಕರು ಹಿಂಜರಿಯುತ್ತಾರೆ. ಒಳಗಿನ ಮದ್ದೂ ಅದರ ಪ್ರಮಾಣವೂ ಅದೇ ಆಗಿದ್ದರೆ ಅದು ಈಕ್ವಿವಲೆಂಟ್. ಹೆಸರಿನ ಹೋಲಿಕೆಯನ್ನು ನಂಬಬಾರದು. ಹೆಸರಿನ ಭೇದಕ್ಕೆ ಅಂಜಲೂ ಬಾರದು. ಎರಡರಲ್ಲಿಯೂ ವೈದ್ಯರನ್ನೋ ಔಷಧ ವಿತರಕರನ್ನೋ ಕೇಳಿ ತಿಳಿಯುವುದೇ ಕ್ಷೇಮ.

ನಾಲ್ಕನೆಯದು ಕೂಲಿಯ ವಿಚಾರ. ನಮ್ಮ ಸೀಮೆಯ ಹೊಲಗದ್ದೆಗಳಲ್ಲಿ ಹೆಣ್ಣಾಳಿಗೊಂದು ಲೆಕ್ಕ, ಗಂಡಾಳಿಗೊಂದು ಲೆಕ್ಕ ಎಂಬ ರೂಢಿ ಯಾರಿಗೂ ಅಪರಿಚಿತವಲ್ಲ. 1976ರ ಸಮಾನ ಸಂಭಾವನೆ ಕಾಯಿದೆಯು "ಅದೇ ಕೆಲಸ" ಎಂದಷ್ಟೇ ಹೇಳಿ ನಿಲ್ಲಲಿಲ್ಲ. "ಅದೇ ಕೆಲಸ ಅಥವಾ ಅಂಥದೇ ಸ್ವರೂಪದ ಕೆಲಸ" ಎಂಬ ಅರ್ಥದಲ್ಲಿ ಸೇಮ್ ಮತ್ತು ಸಿಮಿಲರ್ ಎಂಬೆರಡು ಪದಗಳನ್ನೂ ಜೋಡಿಸಿತು. 2019ರ ವೇತನ ಸಂಹಿತೆಯೂ ಆ ಜೋಡಿಯನ್ನು ಉಳಿಸಿಕೊಂಡಿದೆ. ಸೇಮ್ ಎಂಬ ಒಂದೇ ಪದವಿದ್ದಿದ್ದರೆ, ಕೆಲಸದಲ್ಲಿ ಕೂದಲೆಳೆಯಷ್ಟು ವ್ಯತ್ಯಾಸವನ್ನು ತೋರಿಸಿ ಹೆಣ್ಣಿನ ಕೂಲಿಯನ್ನು ಇಳಿಸಲು ಆಸ್ಪದವಿರುತ್ತಿತ್ತು. 1987ರಲ್ಲಿ ಸರ್ವೋಚ್ಚ ನ್ಯಾಯಾಲಯದ ಮುಂದೆ ಬಂದ ಮೊಕದ್ದಮೆಯೊಂದು ಇಂಥದೇ. ಮಹಿಳಾ ಶೀಘ್ರಲಿಪಿಗಾರರಿಗೆ ಪುರುಷ ಶೀಘ್ರಲಿಪಿಗಾರರಿಗಿಂತ ಕಡಿಮೆ ಸಂಬಳವಿತ್ತು. ಅವರ ಕೆಲಸ ಬೇರೆ ಬಗೆಯದೆಂದು ಕಂಪನಿಯು ವಾದಿಸಿತು. ಸಿಮಿಲರ್ ಎಂಬುದನ್ನು ವಿಶಾಲವಾದ ದೃಷ್ಟಿಯಿಂದ ನೋಡಬೇಕು, ಸಣ್ಣಪುಟ್ಟ ಭೇದಗಳನ್ನು ಲೆಕ್ಕಕ್ಕೆ ಹಿಡಿಯಬಾರದು ಎಂದು ನ್ಯಾಯಾಲಯವು ತೀರ್ಮಾನಿಸಿತು. "ಅದೇ" ಎಂಬುದರ ಪಕ್ಕದಲ್ಲಿ "ಅಂಥದೇ" ಎಂಬುದನ್ನು ಇಟ್ಟುದರಿಂದ ದುಡಿಯುವ ಹೆಣ್ಣುಮಕ್ಕಳಿಗೆ ದೊರೆತ ರಕ್ಷಣೆಯಿದು. ನಮ್ಮ ಹೊಲಗಳಲ್ಲಿ ಸಾಲುಸಾಲಾಗಿ ನಿಂತು ಭತ್ತ ಕೊಯ್ಯುವವರಿಗೆ ಕೂಲಿ ಎಣಿಸುವಾಗ ಮನೆಯ ಯಜಮಾನರು ಇದನ್ನು ನೆನೆಯಲಿ.

ಸಮ ಎಂದರೆ ಒಂದೇ ಎಂದಲ್ಲ

ಕೊನೆಯದಾಗಿ, ಎಲ್ಲಕ್ಕಿಂತ ಮುಖ್ಯವಾದ ಮಾತು. ಸಂವಿಧಾನದ 14ನೆಯ ಅನುಚ್ಛೇದವು ಕಾನೂನಿನ ಮುಂದೆ ಎಲ್ಲರ ಸಮಾನತೆಯನ್ನು ಸಾರುತ್ತದೆ. ಅಲ್ಲಿರುವ ಇಂಗ್ಲಿಷ್ ಪದ ಈಕ್ವಾಲಿಟಿ; ಸೇಮ್‌ನೆಸ್ ಅಲ್ಲ. ಎಲ್ಲರೂ ಒಂದೇ ಬಗೆಯವರಾಗಬೇಕೆಂದು ಅದು ವಿಧಿಸುವುದಿಲ್ಲ. ಬೇರೆ ಬೇರೆಯಾಗಿರುವವರನ್ನು ಒಂದೇ ತಕ್ಕಡಿಯಲ್ಲಿ ತೂಗಬೇಕೆಂದು ವಿಧಿಸುತ್ತದೆ. "ಐದು ಬೆರಳೂ ಸಮನಾಗಿಲ್ಲ" ಎಂಬ ಗಾದೆಯನ್ನು ಮನುಷ್ಯರಲ್ಲಿ ಮೇಲುಕೀಳನ್ನು ಸಮರ್ಥಿಸಲು ಬಳಸುವವರುಂಟು. ಬೆರಳುಗಳ ಉದ್ದ ಒಂದೇ ಅಲ್ಲ, ನಿಜ. ಆದರೆ ಯಾವ ಬೆರಳಿಗೆ ಮುಳ್ಳು ಚುಚ್ಚಿದರೂ ನೋವು ಅಷ್ಟೇ. ಉದ್ದದಲ್ಲಿ ಸಮವಲ್ಲದವು ನೋವಿನಲ್ಲಿ ಸಮ. ಆದುದರಿಂದಲೇ "ಯಾವುದರಲ್ಲಿ?" ಎಂಬ ಪ್ರಶ್ನೆಯನ್ನು ಬಿಡಬಾರದೆಂದು ಮೇಲೆ ಹೇಳಿದ್ದು.

ಹನ್ನೆರಡನೆಯ ಶತಮಾನದ ಶರಣರ ಬಳಗವನ್ನು ನೆನೆದರೆ ಈ ಅರ್ಥವು ಮತ್ತಷ್ಟು ತಿಳಿಯಾಗುತ್ತದೆ. ಅಂಬಿಗರ ಚೌಡಯ್ಯ ದೋಣಿ ನಡೆಸಿದನು. ನುಲಿಯ ಚಂದಯ್ಯ ಹಗ್ಗ ಹೊಸೆದನು. ಆಯ್ದಕ್ಕಿ ಲಕ್ಕಮ್ಮ ಅಕ್ಕಿಯ ಕಾಯಕದಿಂದ ದಾಸೋಹ ನಡೆಸಿದಳು. ಅವರ ಕಾಯಕಗಳು ಸೇಮ್ ಅಲ್ಲ, ಸಿಮಿಲರ್ ಎಂದೂ ಹೇಳಲಾಗದು. ಆದರೆ ಕಾಯಕದ ಗೌರವದಲ್ಲಿ ಅವರು ಈಕ್ವಲ್. ಶರಣಸಾಹಿತ್ಯವನ್ನು ಇಂಗ್ಲಿಷಿಗೆ ತರುವವರು ಈ ಪದಗಳನ್ನು ಎಷ್ಟು ಎಚ್ಚರದಿಂದ ಆಯ್ದುಕೊಳ್ಳಬೇಕಾಗುತ್ತದೆ ಎಂಬುದನ್ನು ಓದುಗರು ಊಹಿಸಬಹುದು. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯವು 1965ರಿಂದ 1972ರವರೆಗೆ ಶೂನ್ಯಸಂಪಾದನೆಯನ್ನು ಐದು ಸಂಪುಟಗಳಲ್ಲಿ ಇಂಗ್ಲಿಷಿಗೆ ತಂದಿತು. ಲಿಂಗಾಂಗ ಸಾಮರಸ್ಯವೆಂಬ ಒಂದು ಪದವನ್ನೇ ತೆಗೆದುಕೊಂಡರೂ, ಅದು ಹೋಲಿಕೆಯೂ ಅಲ್ಲ, ಅಳತೆಯ ಸಮತೆಯೂ ಅಲ್ಲ. ಎರಡು ಒಂದಾಗುವ ಬಗೆ. ಲೈಕ್ ಎಂದರೂ ಈಕ್ವಲ್ ಎಂದರೂ ಅಲ್ಲಿ ಅರ್ಥ ಕೆಡುತ್ತದೆ.

ಮನೆಯಲ್ಲಿ ಇದನ್ನು ರೂಢಿಸುವುದು ಸುಲಭ. ಸಂಜೆ ಮಗುವು ಇಂಗ್ಲಿಷ್ ಪುಸ್ತಕವನ್ನು ಹಿಡಿದು ಕುಳಿತಾಗ ತಾಯಿಯು ಅಡುಗೆಮನೆಯಿಂದಲೇ ಕೇಳಲಿ: "ಇದು ಅದೇಯೋ, ಅಂಥದೋ, ಅಷ್ಟೋ, ಹಾಗೆಯೋ?" ಮಗು ಮೊದಲು ಕನ್ನಡದಲ್ಲಿ ಉತ್ತರಿಸಲಿ, ಅನಂತರ ಇಂಗ್ಲಿಷ್ ಪದವನ್ನು ಆರಿಸಲಿ. ಎರಡು ಬಟ್ಟಲು, ಎರಡು ರೊಟ್ಟಿ, ಇಬ್ಬರು ಅವಳಿ ಮಕ್ಕಳು, ಎರಡು ಎತ್ತು: ಉದಾಹರಣೆಗಳಿಗೆ ನಮ್ಮ ಮನೆಗಳಲ್ಲಿ ಕೊರತೆಯಿಲ್ಲ. ಹೀಗೆ ಒಂದು ತಿಂಗಳು ನಡೆದರೆ "ಸೇಮ್ ಟು ಸೇಮ್" ಎಂಬ ಮಾತು ಆಟಕ್ಕಷ್ಟೇ ಉಳಿದು, ಬರಹದಲ್ಲಿ ಸರಿಯಾದ ಪದವು ತಾನಾಗಿ ಬಂದು ಕೂರುತ್ತದೆ. ಪರಭಾಷೆಯನ್ನು ಕಲಿಯಲು ತಾಯ್ನುಡಿಯನ್ನು ಬದಿಗಿಡಬೇಕೆಂಬ ಭ್ರಮೆಯೂ ಅದರೊಡನೆಯೇ ಕಳೆದುಹೋಗಲಿ ಎಂಬುದು ನಮ್ಮ ಹಾರೈಕೆ.